ಕರಡಿಗೆ ಮಾಡಿಸಲು ಹೋಗಿ

ನನ್ನ ಮೊಮ್ಮಗಳು ಅಪೂರ್ವಾ ಸೂರತ್ತಿನಲ್ಲಿದ್ದಳು. ಅವಳ ಇಷ್ಟಲಿಂಗ ಮಾತ್ರ ಬರೋಡಾದಲ್ಲಿ, ಮಂಜಲ್‌ಪುರದ ನಮ್ಮ ಮನೆಯ ಅಲಮಾರಿಯಲ್ಲಿತ್ತು. ಎಲ್ಲ ಶುರುವಾದದ್ದು ಇದರಿಂದ.

ಲಿಂಗ ಕಟ್ಟಿಕೊಂಡವರು ಅದನ್ನು ಮೈಮೇಲಿಂದ ಇಳಿಸಬಾರದು. ಸ್ನಾನದಲ್ಲೂ ನಿದ್ದೆಯಲ್ಲೂ ಅದು ಎದೆಯ ಮೇಲೇ ಇರಬೇಕು. ಎಡ ಅಂಗೈಯಲ್ಲಿಟ್ಟು ಪೂಜಿಸದೆ ಗುಟುಕು ನೀರೂ ಗಂಟಲಿಗೆ ಇಳಿಯಬಾರದು. ಎಂಟನೆಯ ವಯಸ್ಸಿಗೆ ನಮ್ಮ ಗುರುಗಳಾದ ಅಯ್ಯನವರು ನನಗೆ ಲಿಂಗ ಕಟ್ಟಿದರು. ಅಂದಿನಿಂದ ಅರವತ್ತಾರು ವರ್ಷ ಹಾಗೇ ನಡೆದಿದ್ದೇನೆ. ಅಪೂರ್ವಾ ಸೂರತ್ತಿನ ಪಕ್ಕದ ಹಜೀರಾದ ಕಾರ್ಖಾನೆಗೆ ಇಂಜಿನಿಯರ್ ಆಗಿ ಸೇರಿದ ತಿಂಗಳಲ್ಲೇ ತನ್ನದನ್ನು ತೆಗೆದಿಟ್ಟಳು.

"ಅಜ್ಜಿ, ಅದು ತುಂಬಾ ಬಿಗ್. ಸೇಫ್ಟಿ ಬೆಲ್ಟ್ ಹಾಕಿದ್ರೆ ಇಲ್ಲಿ ಒತ್ತುತ್ತೆ. ಮತ್ತೆ ಎಲ್ಲಾ ಕೇಳ್ತಾರೆ, ಶರ್ಟ್ ಒಳಗೆ ಏನು, ಅಂಡಾ ಇಟ್ಕೊಂಡಿದೀಯಾ ಅಂತ."

ನನಗೆ ನಗು ಬಂತು. ಅವಳು ಹೇಳಿದ್ದು ಸುಳ್ಳಲ್ಲ. ಲಿಂಗವನ್ನಿಡುವ ಬೆಳ್ಳಿಯ ಭರಣಿಗೆ ನಾವು ಕರಡಿಗೆ ಅನ್ನುತ್ತೇವೆ. ಒಳಗಿನ ಲಿಂಗ ಸಣ್ಣದಾದರೂ ನಮ್ಮ ಹಾವೇರಿ ಕಡೆಯ ಕರಡಿಗೆಗಳು ಕೋಳಿಮೊಟ್ಟೆಯಷ್ಟು ದಪ್ಪ. ಹಾಗಾಗಿ ನಾನೇ ಹೇಳಿದೆ, ಬಂಗಾರದಲ್ಲಿ ಸಣ್ಣದೊಂದು ಮಾಡಿಸೋಣ, ಸರಕ್ಕೆ ಪದಕ ಹಾಕಿಕೊಂಡ ಹಾಗೆ ಕಾಣಬೇಕು, ಆಗ ಹಾಕಿಕೊಳ್ಳುತ್ತೀಯಾ? ಅವಳು ಒಂದು ಕ್ಷಣ ಯೋಚಿಸಿ, "ಓಕೆ, ಆದ್ರೆ ಡಿಸೈನ್ ನಂದು" ಅಂದಳು. ಅದೇ ರಾತ್ರಿ ಫೋನಿನಲ್ಲಿ ಚಿತ್ರ ಬರೆದು ಕಳಿಸಿದಳು. ಬೋರೆಹಣ್ಣಿನ ಆಕಾರ, ಅಡ್ಡಕ್ಕೆ ಎರಡು ಹೋಳು, ನಡುವೆ ಸಣ್ಣ ತಿರುಪು, ಮೇಲೆ ಸರ ಪೋಣಿಸಲು ಎರಡು ಕೊಂಡಿ. ಚೆನ್ನಾಗಿತ್ತು.

ನನ್ನ ಆಸೆಯೂ ಒಂದಿತ್ತು. ನನ್ನ ಯಜಮಾನರಾದ ಹಾಲಪ್ಪನವರನ್ನು ಮಣ್ಣು ಮಾಡುವಾಗ ಅವರ ಲಿಂಗವನ್ನು ಅವರ ಕೈಯಲ್ಲೇ ಇಟ್ಟು ಕಳಿಸಿದೆವು. ಬರಿದಾದ ಕರಡಿಗೆ ನನ್ನ ಬಳಿ ಉಳಿಯಿತು. ಬಂಗಾರವನ್ನು ಗಟ್ಟಿ ಮಾಡಲು ಅದಕ್ಕೆ ಸ್ವಲ್ಪ ಬೆಳ್ಳಿ, ಸ್ವಲ್ಪ ತಾಮ್ರ ಬೆರೆಸುತ್ತಾರಲ್ಲ, ಆ ಬೆಳ್ಳಿ ಅವರ ಕರಡಿಗೆಯದಾಗಲಿ ಎಂದುಕೊಂಡೆ. ಮೊಮ್ಮಗಳ ಎದೆಯ ಮೇಲೆ ತಾತನದೂ ಚೂರು ಇರಲಿ ಎಂದು.

ಸೂರತ್ತಿನ ಭಾಗಲ್ ಬಜಾರಿನ ಹಿಂದಿನ ಓಣಿಯಲ್ಲಿ ಅನಿಲ್‌ಭಾಯಿ ಎಂಬ ಅಕ್ಕಸಾಲಿ ಇದ್ದ. ಅಪೂರ್ವಾಳ ಗೆಳತಿಯ ಮನೆಯವರಿಗೆ ಒಡವೆ ಮಾಡಿಕೊಡುವವನು. ಬರೋಡಾದಿಂದ ಬೆಳಿಗ್ಗೆ ಬಂದ ನನ್ನನ್ನು ಅಪೂರ್ವಾ ಅಲ್ಲಿಗೆ ಕರೆದೊಯ್ದಳು. ಹೆಸರಿನ ಹಲಗೆ ಇಲ್ಲ, ಗಾಜಿನ ಬೀರು ಇಲ್ಲ. ಕಡಿದಾದ ಮರದ ಮೆಟ್ಟಿಲು ಹತ್ತಿದರೆ ಒಂದು ಕೋಣೆ, ಅದರಲ್ಲಿ ಗಾದಿ, ಒಲೆ, ತಕ್ಕಡಿ, ಅವನು. ಐವತ್ತು ದಾಟಿದ ಮನುಷ್ಯ. ಮಾತು ಕಡಿಮೆ, ಕಣ್ಣು ಕೆಲಸದ ಮೇಲೆ. ಅವನದು ಗುಜರಾತಿ ಬೆರೆತ ಹಿಂದಿ, ನನ್ನದು ಹರಕು ಹಿಂದಿ. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತೇನೆ.

"ಬನ್ನಿ ಬಾ, ಕೂತ್ಕೊಳ್ಳಿ" ಅಂದ. ಅಲ್ಲಿ ವಯಸ್ಸಾದ ಹೆಂಗಸರನ್ನು ಬಾ ಎಂದೇ ಕರೆಯುತ್ತಾರೆ, ನಾವು ಅವ್ವ ಅಂದ ಹಾಗೆ.

ಯಜಮಾನರ ಕರಡಿಗೆಯನ್ನು ಅವನ ತಟ್ಟೆಯಲ್ಲಿಟ್ಟೆ. ತಿರುಗಿಸಿ ತಿರುಗಿಸಿ ನೋಡಿದ. "ಇಂಥದ್ದು ನಾನು ಮಾಡಿಲ್ಲ. ಒಳಗೆ ಏನಿಡ್ತೀರಿ?"

"ದೇವರು."

"ಯಾವ ದೇವರು? ಮೂರ್ತಿಯಾ? ತೋರಿಸಿದ್ರೆ ಅಳತೆಗೆ ಅನುಕೂಲ."

"ತೋರಿಸೋ ಹಾಗಿಲ್ಲಪ್ಪ" ಅಂದೆ. ಲಿಂಗವನ್ನು ಕಂಡಕಂಡವರ ಕಣ್ಣಿಗೆ ಬೀಳಿಸಬಾರದು ಎಂದು ನನಗೆ ಕಲಿಸಿದ್ದರು. "ಕರಡಿಗೆಯ ಒಳಗಿನ ಗೂಡಿನ ಅಳತೆ ತಗೋ, ಇವಳದ್ದೂ ಅಷ್ಟೇ, ಸಾಕು."

ಅವನು ಒತ್ತಾಯ ಮಾಡಲಿಲ್ಲ. ಆದರೆ ಕೆಲಸ ಮಾಡುವಾಗ ಮಾದರಿ ಎದುರಿಗಿರಬೇಕು, ಒಂದನ್ನು ತೆರೆದು ಒಂದನ್ನು ಮುಚ್ಚಿ ಫೋಟೋ ತೆಗೆದುಕೊಳ್ಳುತ್ತೇನೆ, ನಿಮ್ಮ ಕೊರಳಿನದನ್ನೂ ಎರಡು ನಿಮಿಷ ಕೊಡಿ, ದಾರ ಬಿಚ್ಚಿ ಕೊಡಿ ಅಂದ. ನನ್ನದೂ ಯಜಮಾನರದೂ ಜೋಡಿ ಕರಡಿಗೆಗಳು. ಮದುವೆಗೆ ಒಬ್ಬನೇ ಅಕ್ಕಸಾಲಿ ಒಂದೇ ದಿನ ಮಾಡಿದ್ದು. ನಾನು ಗೋಡೆಯ ಕಡೆ ತಿರುಗಿ, ಸೆರಗು ಮುಚ್ಚಿಕೊಂಡು ಲಿಂಗ ಹೊರತೆಗೆದು ಮುಷ್ಟಿಯಲ್ಲಿ ಹಿಡಿದೆ. ಬರಿ ಕರಡಿಗೆಯನ್ನು ಕೊಟ್ಟೆ.

ಫೋಟೋ ಆಯಿತು. ಅಷ್ಟರಲ್ಲಿ ಅಪೂರ್ವಾಳ ಫೋನು ಬಡಿದುಕೊಳ್ಳತೊಡಗಿತು. "ಅಜ್ಜಿ, ಚಲೋ ಚಲೋ. ನಿಂಗೆ ಟ್ರೇನ್ ಇದೆ, ನಂಗೆ ಕಂಪನಿ ಬಸ್ ಇದೆ. ಫಟಾಫಟ್."

ತಟ್ಟೆಯಲ್ಲಿ ಎರಡು ಕರಡಿಗೆ, ಒಂದು ತೆರೆದದ್ದು, ಒಂದು ಮುಚ್ಚಿದ್ದು. ನಾನು ತೆರೆದು ಕೊಟ್ಟವಳು, ಆದ್ದರಿಂದ ತೆರೆದದ್ದೇ ನನ್ನದು ಎಂದು ನನ್ನ ತಲೆ ಹೇಳಿತು. ಲಿಂಗವನ್ನು ಒಳಗಿಡುವಾಗ ಕಣ್ಣು ಮುಚ್ಚಿ ಮಂತ್ರ ಹೇಳುವುದು ನನ್ನ ರೂಢಿ. ಕಣ್ಣು ಮುಚ್ಚಿದೆ, ಇಟ್ಟೆ, ಮುಚ್ಚಳ ಒತ್ತಿ ತಟ್ಟೆಯ ಮೇಲೆ ಬಿಟ್ಟು ಮಂತ್ರ ಮುಗಿಸಿದೆ. ಕಣ್ಣು ತೆರೆದಾಗ ಅಪೂರ್ವಾ ದಾರ ಪೋಣಿಸಿದ ಕರಡಿಗೆ ಹಿಡಿದು ನಿಂತಿದ್ದಳು. ನಾನು ಇಟ್ಟದ್ದನ್ನೇ ಅವಳು ಎತ್ತಿಕೊಂಡಿದ್ದಾಳೆ ಎಂದುಕೊಂಡು ಕೊರಳಿಗೆ ಹಾಕಿಕೊಂಡೆ.

"ಹಳೇ ಬೆಳ್ಳಿಯನ್ನ ಇವತ್ತೇ ಕರಗಿಸಿಬಿಡ್ತೀನಿ ಬಾ. ಮೂರು ಗಂಟೆಗೆ ಮೂಸೆ ಇಡ್ತೀನಿ" ಎಂದು ಅನಿಲ್‌ಭಾಯಿ ಹೇಳಿದ. ಒಳ್ಳೆಯದಾಯಿತು ಎಂದು ನಾನೇ ತಲೆಯಾಡಿಸಿ ಮೆಟ್ಟಿಲಿಳಿದೆ.

ಹನ್ನೆರಡೂಕಾಲಿನ ಗಾಡಿ. ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಮೇ ತಿಂಗಳ ಬಿಸಿಲು, ಗಾಳಿ ಒಲೆಯ ಬಾಯಿಂದ ಬಂದ ಹಾಗೆ ಮುಖಕ್ಕೆ ಹೊಡೆಯುತ್ತಿತ್ತು. ಕೋಸಂಬಾ ದಾಟಿದ ಮೇಲೆ ಬುತ್ತಿ ಬಿಚ್ಚಿದೆ. ರೊಟ್ಟಿ, ಶೇಂಗಾ ಚಟ್ನಿ. ಊಟಕ್ಕೆ ಮುಂಚೆ ಒಮ್ಮೆ ಲಿಂಗದ ದರ್ಶನ ಮಾಡಬೇಕು. ಸೆರಗಿನ ಮರೆಯಲ್ಲಿ ಕರಡಿಗೆ ತೆರೆದೆ.

ಒಳಗೆ ಬೆಳ್ಳಿ ಮಾತ್ರ ಇತ್ತು.

ಮಡಿಲು ತಡವಿದೆ. ಬುತ್ತಿಯ ಬಟ್ಟೆ ಕೊಡವಿದೆ. ಸೀಟಿನ ಕೆಳಗೆ ಬಗ್ಗಿ ನೋಡಿದೆ. ಕೈಗಳು ಹುಡುಕುತ್ತಿದ್ದವು, ತಲೆಗೆ ಆಗಲೇ ಗೊತ್ತಾಗಿತ್ತು. ಫೋಟೋಗೆ ಅವನು ತೆರೆದಿಟ್ಟದ್ದು ಯಜಮಾನರದು, ಮುಚ್ಚಿಟ್ಟದ್ದು ನನ್ನದು. ಲಿಂಗ ಅಕ್ಕಸಾಲಿಯ ತಟ್ಟೆಯಲ್ಲಿ ಉಳಿದ ಕರಡಿಗೆಯೊಳಗಿದೆ. ಅವನು ಅದನ್ನು ಮೂರು ಗಂಟೆಗೆ ಬೆಂಕಿಗೆ ಹಾಕುತ್ತಾನೆ. ನಾನೇ ಹಾಕು ಎಂದು ಹೇಳಿ ಬಂದಿದ್ದೇನೆ.

ಭಯವೆಂದರೆ ಎದೆ ಹೊಡೆದುಕೊಳ್ಳುವುದು ಎಂದುಕೊಂಡಿದ್ದೆ. ಹಾಗಾಗಲಿಲ್ಲ. ಎದೆ ನಿಂತ ಹಾಗಾಯಿತು. ಕಾಲು ತಣ್ಣಗಾಯಿತು. ಎದುರಿನ ಹೆಂಗಸಿನ ಬಾಯಿ ಆಡುತ್ತಿತ್ತು, ಮಾತು ಕೇಳಿಸಲಿಲ್ಲ.

ಕಣ್ಣ ಮುಂದೆ ಬಂದವಳು ನಮ್ಮ ಪಕ್ಕದ ಮನೆಯ ದೊಡ್ಡವ್ವ. ನಾನು ಚಿಕ್ಕವಳಿದ್ದಾಗ ಕಾಲುವೆಯಲ್ಲಿ ಬಟ್ಟೆ ಒಗೆಯುವಾಗ ಅವಳ ದಾರ ಹರಿದು ಲಿಂಗ ನೀರಿಗೆ ಹೋಯಿತು. ಮೂರು ದಿನ ಕಟ್ಟೆಯ ಮೇಲೆ ಕೂತಳು, ನೀರು ಮುಟ್ಟದೆ. ತುಟಿ ಒಡೆದು ರಕ್ತ ಬಂದದ್ದನ್ನು ನಾನೇ ನೋಡಿದ್ದೇನೆ. ನಾಲ್ಕನೆಯ ದಿನ ಅಯ್ಯನವರು ಬೇರೆ ಲಿಂಗ ಕಟ್ಟಿದರು. ಅವಳು ಆಮೇಲೆ ಹನ್ನೊಂದು ವರ್ಷ ಬದುಕಿದಳು. ಆದರೆ ತಲೆಯೆತ್ತಿ ಯಾರ ಮುಖವನ್ನೂ ನೋಡಲಿಲ್ಲ. ಯಾರೂ ಏನೂ ಅನ್ನಲಿಲ್ಲ. ಅವಳೇ ತನ್ನನ್ನು ಎಣಿಕೆಯಿಂದ ತೆಗೆದುಹಾಕಿಕೊಂಡಿದ್ದಳು. ಸಾಯುವುದಕ್ಕೆ ನಾನು ಅಂಜುವವಳಲ್ಲ. ಹಾಗೆ ಬದುಕುವುದಕ್ಕೆ ಅಂಜಿದೆ.

ಅಪೂರ್ವಾಳಿಗೆ ಫೋನು ಮಾಡಿದೆ. ಸ್ವಿಚ್ ಆಫ್. ಅವಳ ಕಾರ್ಖಾನೆಯಲ್ಲಿ ಗೇಟಿನಲ್ಲೇ ಫೋನು ಕೊಟ್ಟು ಒಳಗೆ ಹೋಗಬೇಕು. ಸಂಜೆ ಆರರ ತನಕ ಅವಳು ಸಿಗುವುದಿಲ್ಲ. ಅನಿಲ್‌ಭಾಯಿಯ ನಂಬರ್ ಇದ್ದದ್ದು ಅವಳ ಫೋನಿನಲ್ಲಿ. ಮಗ ಲಿಂಗರಾಜನಿಗೆ ಮಾಡಿದೆ. ಅವನು ಬರೋಡಾದ ಮಕರಪುರದ ಕಾರ್ಖಾನೆಯಲ್ಲಿ ಫೋರ್‌ಮನ್. ಹಿಂದೆ ಯಂತ್ರಗಳ ಸದ್ದು.

"ಯವ್ವಾ, ಗಾಡಿ ಹತ್ತೀ?"

"ಲಿಂಗರಾಜ, ನನ್ನ ಲಿಂಗ ಅಕ್ಕಸಾಲ್ಯಾನ ಕಡೆ ಉಳದೈತಿ. ಮೂರಕ್ಕ ಕರಗಸ್ತಾನಂತ."

"ಏನಂದಿ? ತಡಿ, ಹೊರಗ ಬರ್ತೀನಿ." ಸದ್ದು ಕಡಿಮೆಯಾಯಿತು. ನಾನು ಎಲ್ಲ ಹೇಳಿದೆ. ಅವನು ಕೇಳಿದ, "ಅಂಗಡಿ ಹೆಸರೇನು?"

"ಹೆಸರಿಲ್ಲ. ಕೆಳಗ ಒಬ್ಬಾವ ಘಾರಿ ಮಿಠಾಯಿ ಮಾರ್ತಾನ."

"ಸೂರತ್ತಿನಾಗ ಘಾರಿ ಮಾರೋರು ಸಾವಿರ ಮಂದಿ ಅದಾರ. ಯವ್ವಾ, ಇಲ್ಲಿ ಕೇಳು. ನೀ ಗಾಬರಿ ಆಗಬ್ಯಾಡ. ಸೀದಾ ಮನೀಗೆ ಬಾ. ಹೋದ್ರ ಹೋತು, ಊರಿಂದ ಅಯ್ಯಾರನ್ನ ಕರಸಿ ಬ್ಯಾರೆ ಕಟ್ಟಸೋಣು."

ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ದೊಡ್ಡವ್ವನಿಗೂ ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು.

"ನಾ ಇಳೀತೀನಿ" ಅಂದೆ.

"ಎಲ್ಲಿ ಇಳೀತಿ? ಯವ್ವಾ, ಎಪ್ಪತ್ನಾಕು ವರ್ಷ ನಿನಗ. ಈ ಬಿಸಿಲಾಗ ಒಬ್ಬಾಕೀನ..."

ಅಂಕಲೇಶ್ವರದಲ್ಲಿ ಗಾಡಿ ನಿಂತಿತು. ಇಳಿದೆ. ಗಂಟೆ ಒಂದು ಹತ್ತು.

ಹಿಂದಕ್ಕೆ ಹೋಗುವ ಪ್ಯಾಸೆಂಜರು ಒಂದೂ ನಲವತ್ತಕ್ಕೆ ಎಂದು ಟಿಕೇಟಿನವನು ಹೇಳಿದ. ಬೆಂಚಿನ ಮೇಲೆ ಕೂತೆ. ಪಕ್ಕದಲ್ಲಿ ತಣ್ಣೀರಿನ ನಲ್ಲಿ ಸುರಿಯುತ್ತಿತ್ತು, ಜನ ಬಾಟಲಿ ತುಂಬಿಕೊಳ್ಳುತ್ತಿದ್ದರು. ನಾಲಿಗೆ ಅಂಗುಳಕ್ಕೆ ಅಂಟಿತ್ತು. ನಲ್ಲಿಗೆ ಬೆನ್ನು ಮಾಡಿ ಕೂತೆ. ಕೊರಳಿನಲ್ಲಿ ಕರಡಿಗೆ ತೂಗುತ್ತಿತ್ತು, ಬರಿದು, ಎಷ್ಟು ಹಗುರ ಎಂದು ಈಗ ತಿಳಿಯುತ್ತಿತ್ತು. ಆಗ ಯಾಕೆ ತಿಳಿಯಲಿಲ್ಲ? ಒಂದು ಗಂಟೆ ಹೊತ್ತು ಕೊರಳಿನಲ್ಲಿ ಹಾಕಿಕೊಂಡು ಕಿಟಕಿಯಾಚೆ ನೋಡುತ್ತಾ ಕೂತಿದ್ದೆನಲ್ಲ.

ಗಾಡಿ ಹತ್ತು ನಿಮಿಷ ತಡವಾಗಿ ಬಂತು. ಪ್ರತಿ ಸಣ್ಣ ನಿಲ್ದಾಣದಲ್ಲೂ ನಿಂತಿತು. ಕೀಮ್‌ನಲ್ಲಿ ಯಾವುದೋ ಎಕ್ಸ್‌ಪ್ರೆಸ್ ದಾಟಲಿ ಎಂದು ಸುಮ್ಮನೆ ನಿಲ್ಲಿಸಿದರು. ನಾನು ಎಂದೂ ಅವಸರದವಳಲ್ಲ. ರಾತ್ರಿ ಶಾಲೆಯಲ್ಲಿ ನಲವತ್ತರ ವಯಸ್ಸಿಗೆ ಅಕ್ಷರ ತಿದ್ದಿದವಳಿಗೆ ಅವಸರ ಎಲ್ಲಿಯದು. ಆದರೆ ಅಂದು ಕೀಮ್‌ನಲ್ಲಿ ಆ ಹದಿನೈದು ನಿಮಿಷ ಕೂರಲಾಗದೆ ಬಾಗಿಲಲ್ಲಿ ನಿಂತು ಸರಳು ಹಿಡಿದುಕೊಂಡೆ. ಹಳಿಯ ಮೇಲೆ ನಡೆದೇ ಹೋಗಲೇ ಎಂದೂ ಅನ್ನಿಸಿತು. ಅಷ್ಟು ಬುದ್ಧಿ ಕೆಟ್ಟಿತ್ತು.

ಸೂರತ್ ನಿಲ್ದಾಣದಲ್ಲಿ ಮೂರು ಗಂಟೆ. ರಿಕ್ಷಾದವನಿಗೆ ಭಾಗಲ್ ಅಂದೆ. ಅವನು ಅಲ್ಲಿಗೆ ಕರೆತಂದು, ಮುಂದೆ ಯಾವ ಓಣಿ ಎಂದು ಕೇಳಿದ. ಎಲ್ಲ ಓಣಿಯೂ ಒಂದೇ ಥರ. ಎಲ್ಲ ಓಣಿಯ ಬಾಯಲ್ಲೂ ಮಿಠಾಯಿ. ಇಳಿದು ಒಂದರಲ್ಲಿ ಹೋದೆ, ಅದಲ್ಲ. ಇನ್ನೊಂದರಲ್ಲಿ ಹೋದೆ, ಮರದ ಮೆಟ್ಟಿಲಿತ್ತು, ಹತ್ತಿದರೆ ಜರಿ ಸುತ್ತುವ ಮನೆ. ಮೂರನೆಯದರಲ್ಲಿ, ಮೇಲಿಂದ ಗ್ಯಾಸಿನ ಬರ್ನರಿನ ಬುಸುಬುಸು ಕೇಳಿಸಿತು. ಮೆಟ್ಟಿಲನ್ನು ಕೈಯೂರಿ ಹತ್ತಿದೆ.

ಅನಿಲ್‌ಭಾಯಿ ಬರ್ನರ್ ಆರಿಸಿ ತಿರುಗಿದ. "ಬಾ? ನೀವು ಬರೋಡಾಕ್ಕೆ ಹೋಗ್ಲಿಲ್ವಾ?"

ಮೂಸೆ ಕೆಂಪಗಿತ್ತು. ಅದರೊಳಗೆ ಬೆಳ್ಳಿ ನೀರಾಗಿ ಕನ್ನಡಿಯ ಹಾಗೆ ನಡುಗುತ್ತಿತ್ತು.

"ಅದರ ಒಳಗೆ ಇದ್ದದ್ದು?" ಎಂದು ಕೇಳಿದೆ.

"ಒಳಗೆ? ಬೆಳಿಗ್ಗೆ ಮುಚ್ಚೇ ಇದ್ದದ್ದು ಇದು ಅಂದ್ಕೊಂಡೆ, ಅರಗು ಇತ್ತು. ಟೊಳ್ಳು ಒಡವೆಗೆಲ್ಲ ಅರಗು ತುಂಬಿರ್ತಾರಲ್ಲ. ತಟ್ಟಿ ಉದುರಿಸಿದೆ."

ಅವನ ತಪ್ಪೇನಿತ್ತು? ಕಲ್ಲಿನ ಲಿಂಗದ ಮೇಲೆ ಕಂತಿ ಎಂಬ ಕಪ್ಪು ಲೇಪ ಇರುತ್ತದೆ. ನೋಡದವರಿಗೆ ಅದು ಅರಗಿನ ಉಂಡೆಯೇ. ಬೆಳಿಗ್ಗೆ ಅವನು ತೋರಿಸಿ ಎಂದು ಕೇಳಿದ್ದ. ನಾನು ಗೋಡೆಯ ಕಡೆ ತಿರುಗಿದ್ದೆ.

"ಅದು ಅರಗಲ್ಲಪ್ಪ. ಅದೇ ನಮ್ಮ ದೇವರು."

ಅವನ ಮುಖದ ಬಣ್ಣ ಹೋಯಿತು. ಇಕ್ಕಳ ಕೆಳಗಿಟ್ಟ. "ಹೇ ರಾಮ್" ಎಂದು ಮೆಲ್ಲಗೆ ಅಂದು ಒಲೆಯ ಹಿಂದಿನಿಂದ ಒಂದು ತಗಡಿನ ಡಬ್ಬಿ ಎಳೆದ. ಹಳೆಯ ಕಡಗ, ಬಳೆ, ಕಾಲಂದುಗೆಗಳಿಂದ ತೆಗೆದ ಅರಗನ್ನೆಲ್ಲ ಅವನು ಮತ್ತೆ ಕಾಯಿಸಿ ಬಳಸಲು ಅದರಲ್ಲಿ ಹಾಕುತ್ತಿದ್ದ. ಗಾದಿಯ ಮೇಲೆ ಸುರಿದ. ಕಪ್ಪು ಉಂಡೆಗಳು, ಮುರುಕುಗಳು, ಪುಡಿ. ಅರವತ್ತೋ ಎಪ್ಪತ್ತೋ.

"ಒಲೆಗೆ ಹಾಕಿಲ್ಲ ತಾನೆ?"

"ಇಲ್ಲ ಬಾ. ಅಂಬಾಮಾತೆಯ ಆಣೆ. ನಾಳೆ ಕಾಯಿಸೋನಿದ್ದೆ. ನೋಡಿ, ಗುರುತು ಸಿಗುತ್ತೆ ನಿಮಗೆ."

ನನಗೂ ಹಾಗೇ ಅನ್ನಿಸಿತ್ತು. ಅರವತ್ತಾರು ವರ್ಷ ದಿನಕ್ಕೆ ಎರಡು ಸಲ ಎಡ ಅಂಗೈಯಲ್ಲಿಟ್ಟುಕೊಂಡದ್ದು. ಕುರುಡಿಯಾದರೂ ಗುರುತಿಸುತ್ತೇನೆ ಎಂಬ ಜಂಬ ಇತ್ತು. ಒಂದನ್ನೆತ್ತಿ ಅಂಗೈಗಿಟ್ಟೆ. ಇದೇ ಅನ್ನಿಸಿತು. ಇನ್ನೊಂದನ್ನಿಟ್ಟೆ. ಇದೂ ಅದೇ ಅನ್ನಿಸಿತು. ನಾಲ್ಕನೆಯದಕ್ಕೆ, ಐದನೆಯದಕ್ಕೆ ಏನೂ ಅನ್ನಿಸಲಿಲ್ಲ. ಬೆವರಿಗೆ ಎಲ್ಲವೂ ಅಂಟುತ್ತಿದ್ದವು, ಕಣ್ಣಲ್ಲಿ ನೀರು ತುಂಬಿ ಎಲ್ಲವೂ ಒಂದೇ ಕಪ್ಪಾಗಿ ಕಾಣುತ್ತಿದ್ದವು. ಗಾಡಿಯಲ್ಲಿ ಹೆದರಿದ್ದು ಏನೂ ಅಲ್ಲ. ಲಿಂಗ ಸುಟ್ಟುಹೋಗಿದ್ದರೆ ಬೆಂಕಿಯನ್ನು ದೂರಬಹುದಿತ್ತು. ಅದು ಇಲ್ಲೇ, ನನ್ನ ಕೈಯಳತೆಯಲ್ಲೇ ಇದೆ, ನನಗೇ ಗುರುತು ಸಿಗುತ್ತಿಲ್ಲ. ಹಾಗಾದರೆ ಇಷ್ಟು ವರ್ಷ ನಾನು ಏನನ್ನು ಪೂಜಿಸಿದೆ?

"ನೀರು ಕುಡೀರಿ ಬಾ. ತುಟಿ ಒಣಗಿದೆ."

"ಅದು ಸಿಗೋ ತನಕ ಕುಡಿಯೋ ಹಾಗಿಲ್ಲ."

ಅವನು ನನ್ನನ್ನೂ ಆ ರಾಶಿಯನ್ನೂ ನೋಡಿದ. ಆಮೇಲೆ ಮುಂದಕ್ಕೆ ಸರಿದು ಕೂತ. "ಮೂವತ್ತು ವರ್ಷದಿಂದ ಅರಗು ಹಿಡಿದ ಕೈ ನನ್ನದು. ಅರಗು ಅಲ್ಲದ್ದು ಯಾವುದು ಅಂತ ನನ್ನ ಬೆರಳಿಗೆ ತಿಳಿಯುತ್ತೆ." ಕೈ ಚಾಚಿದವನು ಅಲ್ಲೇ ತಡೆದ. "ಆದ್ರೆ ದೇವರು ಅಂದ್ರಿ. ನಾನು ಮುಟ್ಟಬಹುದಾ?"

ಮುಟ್ಟಬಾರದು. ಗುರುವಿನ ಕೈಯಿಂದ ನನ್ನ ಕೈಗೆ ಬಂದದ್ದು. ಯಜಮಾನರು ಸಹ ಐವತ್ತು ವರ್ಷದ ಸಂಸಾರದಲ್ಲಿ ಒಮ್ಮೆಯೂ ಮುಟ್ಟಲಿಲ್ಲ, ನಾನೂ ಅವರದನ್ನು ಮುಟ್ಟಲಿಲ್ಲ, ಅವರ ಕೊನೆಯ ದಿನದ ತನಕ. ಇವನು ಬೇರೆ ಊರಿನವನು, ಬೇರೆ ದೇವರವನು. ಅವನು ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳದೆ, ಮುಂದಕ್ಕೂ ತಾರದೆ, ಹಾಗೇ ಕಾದ.

"ಮುಟ್ಟಪ್ಪ" ಅಂದೆ.

ಅವನು ಎದ್ದು ಕೈತೊಳೆದು ಬಂದ. ಒಂದೊಂದನ್ನೇ ಎತ್ತಿ, ಬಾಯಿಂದ ಬಿಸಿಯುಸಿರು ಬಿಟ್ಟು, ಉಗುರಿನಿಂದ ಮೆಲ್ಲಗೆ ಒತ್ತಿ, ಮೂಸಿ, ಬದಿಗಿಡುತ್ತಾ ಹೋದ. ಅರಗಿನ ಮೇಲೆ ಉಗುರಿನ ಗೆರೆ ಮೂಡುತ್ತಿತ್ತು. ಆ ಕಡೆಯ ರಾಶಿ ಬೆಳೆಯಿತು, ಈ ಕಡೆಯದು ಕರಗಿತು. ಹತ್ತು ಉಳಿದವು. ಐದು ಉಳಿದವು. ಮೂರು ಉಳಿದಾಗ ಅವನು ಒಂದನ್ನೆತ್ತಿ ಒತ್ತಿದ. ಗೆರೆ ಮೂಡಲಿಲ್ಲ. ಮತ್ತೆ ಒತ್ತಿದ. ಮೂಸಿದ. ಇನ್ನೊಮ್ಮೆ ಮೂಸಿದ.

"ಇದಕ್ಕೆ ಬೂದಿಯ ವಾಸನೆ" ಅಂದ.

ಎರಡೂ ಕೈಯಿಂದ ನನ್ನ ಎಡ ಅಂಗೈ ಮೇಲಿಟ್ಟ. ಮೊದಲು ಕೈಗೆ ಏನೂ ತಿಳಿಯಲಿಲ್ಲ. ಆ ಒಂದು ಕ್ಷಣ ನಾನು ಎಷ್ಟು ಹೆದರಿದೆ ಎಂದು ಈಗಲೂ ಬರೆಯಲಾರೆ. ಆಮೇಲೆ ನನ್ನ ಹೆಬ್ಬೆರಳು, ನಾನು ಹೇಳದೆಯೇ, ಅದನ್ನು ಚೂರು ಬಲಕ್ಕೆ ತಿರುಗಿಸಿತು. ಬುಡದ ಬಳಿಯ ತಗ್ಗಿನಲ್ಲಿ ಹೋಗಿ ಕೂತಿತು. ಅದು ನನ್ನ ಹೆಬ್ಬೆರಳೇ ತಿಕ್ಕಿ ತಿಕ್ಕಿ ಮಾಡಿದ ತಗ್ಗು.

ಸುತ್ತಿಗೆಯ ಏಟಿಗೆ ಒಂದು ಕಡೆ ಜೋಳದ ಕಾಳಿನಷ್ಟು ಕಂತಿ ಹಾರಿಹೋಗಿತ್ತು. ಒಳಗಿನ ಕಲ್ಲು ಕಾಣುತ್ತಿತ್ತು, ಬೂದು ಬಣ್ಣ. ಅಷ್ಟು ವರ್ಷದಲ್ಲಿ ನಾನು ಆ ಕಲ್ಲನ್ನು ನೋಡಿದ್ದು ಅದೇ ಮೊದಲು.

ಅವನ ಗಾದಿಯ ತುದಿಯಲ್ಲೇ ಕೂತು, ಅವನು ತಂದುಕೊಟ್ಟ ನೀರಿನಲ್ಲಿ ತೊಳೆದು, ವಿಭೂತಿ ಹಚ್ಚಿ ಪೂಜೆ ಮಾಡಿದೆ. ಸೆರಗು ಮುಚ್ಚಿಕೊಳ್ಳಲಿಲ್ಲ. ಅವನು ಅಷ್ಟು ದೂರ ಕೈಕಟ್ಟಿ ನಿಂತಿದ್ದ. ಆಮೇಲೆ ಎರಡು ಲೋಟ ನೀರು ಕುಡಿದೆ.

ಲಿಂಗರಾಜನ ಫೋನು ಬಂತು. ಅದು ಅವನ ಏಳನೆಯ ಸಲ. "ಯವ್ವಾ, ಎಲ್ಲಿದ್ದಿ? ಸಿಕ್ತಾ?"

"ಸಿಕ್ತು."

"ಚಲೋ ಐತಾ?"

"ಪೆಟ್ಟಾಗೈತಿ."

ಪೆಟ್ಟಾದ ಲಿಂಗ ನಡೆಯುತ್ತದೋ ಇಲ್ಲವೋ, ಬೇರೆಯವರು ಮುಟ್ಟಿದ್ದು ನಡೆಯುತ್ತದೋ ಇಲ್ಲವೋ, ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. "ಅಯ್ಯಾರನ್ನ ಕೇಳೋಣು ತಗೊ" ಅಂದ.

"ಕೇಳು. ಅವರು ಏನರ ಹೇಳಲಿ, ನಾ ಇದನ್ನ ಬಿಡೂದಿಲ್ಲ."

ನಾನು ಹೊರಡುವಾಗ ಅನಿಲ್‌ಭಾಯಿ ಮೆಟ್ಟಿಲಿನ ತನಕ ಬಂದ. ಸ್ವಲ್ಪ ಸುಧಾರಿಸಿಕೊಂಡಿದ್ದ. "ನಿಮ್ಮ ಹುಡುಗಿಯ ಕರಡಿಗೆಯ ಒಳಗೆ ಫೋನ್ ನಂಬರ್ ಕೆತ್ತಿಬಿಡ್ಲಾ ಬಾ?" ಎಂದು ನಕ್ಕ.

"ಕೆತ್ತು" ಅಂದೆ. ನಾನು ನಗುತ್ತಿಲ್ಲ ಎಂದು ಕಂಡು, ಅವನು ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಗೋಡೆಯ ಮೇಲೆ ಬರೆದುಕೊಂಡ. ಮೇಲಿನ ಹೋಳಿನ ಒಳಮೈಗೆ ಹತ್ತು ಅಂಕಿ, ಸಣ್ಣದಾಗಿ.

ಐದೂವರೆಯ ಗಾಡಿಯಲ್ಲಿ ಕೂತೆ. ಲಿಂಗ ಕರಡಿಗೆಯೊಳಗಿತ್ತು, ಕರಡಿಗೆ ಎದೆಯ ಮೇಲಿತ್ತು, ನನ್ನ ಕೈ ಅದರ ಮೇಲಿತ್ತು. ಆದರೂ ಸಾಯಣ್ ಬಂದಾಗ ಮುಚ್ಚಳ ತೆಗೆದು ನೋಡಿದೆ. ಕೀಮ್‌ನಲ್ಲಿ ನೋಡಿದೆ. ಕೋಸಂಬಾದಲ್ಲಿ ತೆರೆಯುವಾಗ ಪಕ್ಕದಲ್ಲಿದ್ದ ಹೆಂಗಸು ಕುತ್ತಿಗೆ ಚಾಚಿ, "ಬಾ, ಅದರಲ್ಲೇನಿದೆ?" ಎಂದು ಕೇಳಿದಳು. ಮೊಣಕೈಯಿಂದ ಮರೆ ಮಾಡಲು ಹೋದವಳು ನಿಲ್ಲಿಸಿದೆ. ಅಂಗೈ ಮೇಲಿಟ್ಟು ಅವಳ ಕಡೆ ಹಿಡಿದೆ.

"ಸರಿಯಾಗಿ ನೋಡಮ್ಮ. ಇಲ್ಲಿ ಚೂರು ಕಲ್ಲು ಕಾಣುತ್ತಲ್ಲ, ಅದನ್ನೂ ನೋಡು."

ಅವಳು ಕನ್ನಡಕ ಹಾಕಿಕೊಂಡು ನೋಡಿದಳು. ಬರೋಡಾ ಬರುವ ತನಕ ನಾನು ಇನ್ನೂ ನಾಲ್ಕು ಸಲ ತೆರೆದೆ. ಪ್ರತಿ ಸಲವೂ, ಮುಚ್ಚಳ ತೆರೆಯುವ ಮೊದಲು, ನನ್ನ ಕಾಲು ತಣ್ಣಗಾಗುತ್ತಿತ್ತು.